ಕಲ್ಲೂ ಬೇಕು, ಕೊಡಗೆನೂ ಬೇಕು: ಭಯೋತ್ಪಾದನೆಗೆ ಬಲಿಯಾದೋರನ್ನ ನಾವು ನೆನೆಯೋ ರೀತಿ

ನಮ್ಮೂರ ಕೆರೆ ಕಟ್ಟೆ ಮೇಲೆ ತೂಬಿನ ಹತ್ರ ಒಂದು ವೀರಗಲ್ಲು ಇದೆ, ಅರ್ಧ ಮಣ್ಣಲ್ಲಿ ಹೂತೋಗಿದೆ. ಕೆಳಗಿನ ಪಟ್ಟಿಲಿ ಒಬ್ಬ ಕತ್ತಿ ಹಿಡ್ಕೊಂಡು ನಿಂತಿದಾನೆ, ಅವನ ಹಿಂದೆ ಎರಡು ಹಸು, ನಡುವಿನ ಪಟ್ಟಿಲಿ ಇಬ್ರು ಅಪ್ಸರೆಯರು ಅವನ ತೋಳು ಹಿಡಿದು ಮೇಲಕ್ಕೆ ಕರ್ಕೊಂಡು ಹೋಗ್ತಿದಾರೆ, ತುದಿಲಿ ಲಿಂಗ, ಪಕ್ಕದಲ್ಲಿ ಸೂರ್ಯ ಚಂದ್ರ. ಚಿಕ್ಕವರಿದ್ದಾಗ ಕೆರೆಗೆ ಎಮ್ಮೆ ತೊಳೆಯೋಕೆ ಹೋದ್ರೆ ಒದ್ದೆ ಬಟ್ಟೆ ಆ ಕಲ್ಲಿನ ಮೇಲೇ ಒಣಗಾಕ್ತಿದ್ವಿ. ಅಜ್ಜಿ ನೋಡಿದ್ರೆ ಬೈಯೋರು, "ಊರಿಗೋಸ್ಕರ ಸತ್ತೋನ ಕಲ್ಲು ಕಣ್ರೋ ಅದು, ತೆಗೀರೋ ಬಟ್ಟೆನ" ಅಂತ. ಅವನ ಹೆಸರೇನು ಅಜ್ಜಿ ಅಂದ್ರೆ ಅಜ್ಜಿಗೂ ಗೊತ್ತಿಲ್ಲ. ಪಟ್ಟಿಗಳ ನಡುವೆ ಎರಡು ಸಾಲು ಹಳಗನ್ನಡ ಅಕ್ಷರ ಇದ್ದಿದ್ದು ಸವೆದು ಹೋಗಿ, ಈಗ ಬೆರಳಾಡಿಸಿದ್ರೆ ಗೀಚು ಸಿಗುತ್ತೆ ಅಷ್ಟೇ.

2025ರ ಏಪ್ರಿಲ್ 22ಕ್ಕೆ ಪಹಲ್ಗಾಮ್‌ನ ಬೈಸರನ್ ಬಯಲಲ್ಲಿ 26 ಜನರನ್ನ ಗುಂಡಿಟ್ಟು ಕೊಂದ್ರಲ್ಲ, ಆವತ್ತಿಂದ ಈ ಕಲ್ಲು ಪದೇ ಪದೇ ನೆನಪಾಗ್ತಾ ಇದೆ. ಸತ್ತೋರಲ್ಲಿ 25 ಜನ ಟೂರಿಸ್ಟ್‌ಗಳು, ಒಬ್ಬ ಅಲ್ಲಿನವನೇ, ಕುದುರೆ ಮೇಲೆ ಜನರನ್ನ ಕರ್ಕೊಂಡು ಹೋಗಿ ಹೊಟ್ಟೆ ಹೊರೀತಿದ್ದೋನು. ಗಂಡಸರನ್ನ ಬೇರೆ ಮಾಡಿ, ಧರ್ಮ ಯಾವುದು ಅಂತ ಕೇಳಿ, ಹೆಂಡ್ತಿ ಮಕ್ಕಳ ಕಣ್ಣೆದುರೇ ಹೊಡೆದ್ರು. ನಮ್ಮ ರಾಜ್ಯದ ಮನೆಗಳೂ ಅದರಲ್ಲಿದ್ವು, ಶಿವಮೊಗ್ಗದ್ದು, ಬೆಂಗಳೂರಿನದ್ದು. ಆ ವಾರ ಪೂರ್ತಿ ನಮ್ಮ ಗೌರಿಬಿದನೂರಲ್ಲಿ ಟೀ ಅಂಗಡಿ, ಬಸ್ ಸ್ಟ್ಯಾಂಡು, ರೇಷ್ಮೆ ಗೂಡಿನ ಮಾರ್ಕೆಟ್ಟು, ಎಲ್ಲಿ ಹೋದ್ರೂ ಅದೇ ಮಾತು. ವಾಟ್ಸಾಪ್ ಸ್ಟೇಟಸ್ಸಲ್ಲಿ ಉರಿಯೋ ದೀಪದ ಫೋಟೊ, ಸರ್ಕಲ್ಲಲ್ಲಿ ಕ್ಯಾಂಡಲ್ಲು, ಫ್ಲೆಕ್ಸು. ನಾನೂ ಸ್ಟೇಟಸ್ ಹಾಕಿದ್ದೆ. ಆ ದುಃಖ ನಿಜದ್ದು, ಅದರ ಬಗ್ಗೆ ನಂಗೆ ಅನುಮಾನ ಇಲ್ಲ. ನಾನು ಕೇಳ್ತಿರೋದು ಅದಾದ ಮೇಲಿಂದು. ಹದಿನೈದು ದಿನ ಆದ್ಮೇಲೆ, ಮೂರು ವರ್ಷ ಆದ್ಮೇಲೆ, ಆ ಮನೆಗಳಿಗೆ ನಾವು ಏನಾಗಿರ್ತೀವಿ?

ಅದೇ ವಾರ ವಿದುರಾಶ್ವತ್ಥಕ್ಕೆ ಹೋಗಿದ್ದೆ. ನಮ್ಮ ಕಡೆಯೋರಿಗೆ ಈ ಜಾಗ ಮೊದಲು ನಾಗರಕಲ್ಲಿನ ಜಾಗ, ಮಕ್ಕಳಾಗದೋರು ಹರಕೆ ಹೊತ್ತು ನಾಗಪ್ರತಿಷ್ಠೆ ಮಾಡ್ಸೋ ಜಾಗ, ಸಾವಿರಾರು ನಾಗರಕಲ್ಲುಗಳು ಒಂದಕ್ಕೊಂದು ಒತ್ಕೊಂಡು ನಿಂತಿವೆ, ಹಳೇ ಅಶ್ವತ್ಥ ಮರ ಮಾತ್ರ ಈಗಿಲ್ಲ. ಸ್ವಲ್ಪ ಆಕಡೆ ಹೋದ್ರೆ ವೀರಸೌಧ, ಸ್ತೂಪ. 1938ರ ಏಪ್ರಿಲ್ 25ಕ್ಕೆ ಇಲ್ಲಿ ಪೊಲೀಸರು ಜನರ ಮೇಲೆ ಗುಂಡು ಹಾರಿಸಿದ್ರು. ಆವತ್ತಿಗೆ ಇದು ಮೈಸೂರು ಸಂಸ್ಥಾನ, ಕೋಲಾರ ಜಿಲ್ಲೆ (ಚಿಕ್ಕಬಳ್ಳಾಪುರ ಬೇರೆ ಜಿಲ್ಲೆ ಆಗಿದ್ದು 2007ರಲ್ಲಿ). ಇದಕ್ಕೆ ಮುಂಚೆ ಅದೇ ತಿಂಗಳು ಮದ್ದೂರಿನ ಶಿವಪುರದಲ್ಲಿ ಧ್ವಜ ಸತ್ಯಾಗ್ರಹ ಆಗಿತ್ತು, ಕಾಂಗ್ರೆಸ್ ಬಾವುಟ ಹಾರಿಸೋ ಹಾಗಿಲ್ಲ ಅಂತ ಸರ್ಕಾರ, ಹಾರಿಸ್ತೀವಿ ಅಂತ ಜನ. ಇಲ್ಲೂ ಜಾತ್ರೆ ಟೈಮಲ್ಲಿ ಸಾವಿರಾರು ಜನ ಸೇರಿದ್ರು, ಸಭೆಗೆ ನಿಷೇಧ ಇತ್ತು, ಮಾತು ಬೆಳೆದು ಕೊನೆಗೆ ಗುಂಡು. ಗಾಂಧೀಜಿ ಪಟೇಲರನ್ನೂ ಕೃಪಲಾನಿ ಅವರನ್ನೂ ಕಳಿಸಿದ್ರು, ದಿವಾನ ಮಿರ್ಜಾ ಇಸ್ಮಾಯಿಲ್ ಜೊತೆ ಒಪ್ಪಂದ ಆಯ್ತು, ಮೈಸೂರು ಬಾವುಟದ ಪಕ್ಕದಲ್ಲೇ ಕಾಂಗ್ರೆಸ್ ಬಾವುಟನೂ ಹಾರಿಸಬಹುದು ಅಂತ ಆಯ್ತು. ಒಂದು ಬಾವುಟ ಹಾರಿಸೋ ಸ್ವಾತಂತ್ರ್ಯಕ್ಕೆ ನಮ್ಮ ತಾಲೂಕಿನ ರೈತಾಪಿ ಜನ ಕೊಟ್ಟ ಬೆಲೆ ಅದು.

ಎಷ್ಟು ಜನ ಸತ್ರು ಅಂತ ಹುಡುಕಿ ನೋಡಿ. ಒಂದು ಕಡೆ 32 ಅಂತ ಇರುತ್ತೆ, ಇನ್ನೊಂದು ಕಡೆ 35 ಅಂತ ಇರುತ್ತೆ, ಸರ್ಕಾರ ಆಗ ಒಪ್ಕೊಂಡ ಲೆಕ್ಕ ಇದಕ್ಕಿಂತ ತುಂಬಾ ಕಮ್ಮಿ. ಇದು ಒಂಬೈನೂರು ವರ್ಷದ ಹಿಂದಿನ ಕಥೆ ಅಲ್ಲ, ನಮ್ಮ ತಾತಂದಿರು ಬದುಕಿದ್ದ ಕಾಲದ್ದು. ಸ್ಮಾರಕ ಕಟ್ಟಿದ್ದು 1973ರಲ್ಲಿ, 35 ವರ್ಷ ಆದ್ಮೇಲೆ. ಅಷ್ಟೊತ್ತಿಗೆ ಎಷ್ಟು ಮನೆಯೋರು ಊರು ಬಿಟ್ಟಿದ್ರೋ, ಗುಂಡೇಟು ತಿಂದು ಮನೆಗೆ ಹೋಗಿ ಆರು ತಿಂಗಳು ನರಳಿ ಸತ್ತೋನನ್ನ ಯಾರು ಲೆಕ್ಕಕ್ಕೆ ತಗೊಂಡ್ರೋ. ಆವಾಗಲೇ ಒಬ್ಬರು ಕೂತು ಮನೆ ಮನೆಗೆ ಹೋಗಿ ಹೆಸರು, ಊರು, ತಂದೆ ಹೆಸರು ಅಂತ ಬರೆದಿಟ್ಟಿದ್ರೆ ಇವತ್ತು ನಾವು "ಮೂವತ್ತಕ್ಕೂ ಹೆಚ್ಚು" ಅಂತ ಅಂದಾಜಲ್ಲಿ ಮಾತಾಡ್ತಿರ್ಲಿಲ್ಲ.

ಒಂದು ಮಾತು ಇಲ್ಲೇ ಹೇಳಿಬಿಡ್ತೀನಿ. ವಿದುರಾಶ್ವತ್ಥದ್ದು ಭಯೋತ್ಪಾದನೆ ಅಲ್ಲ, ಅದು ಸರ್ಕಾರ ತನ್ನ ಪ್ರಜೆಗಳ ಮೇಲೇ ಹಾರಿಸಿದ ಗುಂಡು. ಅಲ್ಲಿ ಸೇರಿದೋರಿಗೆ ಒಂದು ಉದ್ದೇಶ ಇತ್ತು, ಅಪಾಯ ಇದೆ ಅಂತ ಗೊತ್ತಿದ್ದೇ ಬಂದಿದ್ರು. ಬೈಸರನ್‌ಗೆ ಹೋದೋರು ಮಕ್ಕಳ ಜೊತೆ ನಾಲ್ಕು ದಿನ ಆರಾಮಾಗಿದ್ದು ಬರೋಣ ಅಂತ ಹೋದೋರು. ಅವರು ಯಾವ ಹೋರಾಟಕ್ಕೂ ಹೋಗಿರ್ಲಿಲ್ಲ. ಅದಕ್ಕೇ ಅವರನ್ನ ಏನಂತ ಕರೀಬೇಕು ಅನ್ನೋದೇ ನಮಗೆ ಸರಿಯಾಗಿ ಗೊತ್ತಾಗಲ್ಲ. ಹುತಾತ್ಮ ಅಂತ ಅಂತೀವಿ, ಆದ್ರೆ ಸರ್ಕಾರಿ ಭಾಷೆಲಿ ಆ ಪದ ಸೈನಿಕರಿಗೂ ಇಲ್ಲ. 2017ರಲ್ಲಿ ಕೇಂದ್ರ ಮಾಹಿತಿ ಆಯೋಗದ ಮುಂದೆ ಇದು ಬಂದಾಗ, ಸೇನೆಲಿ ಬಳಸೋದು ಬ್ಯಾಟಲ್ ಕ್ಯಾಶುಯಲ್ಟಿ, ಅರೆಸೇನಾ ಪಡೆಗಳಲ್ಲಿ ಆಪರೇಷನ್ಸ್ ಕ್ಯಾಶುಯಲ್ಟಿ, ಶಹೀದ್ ಅಥವಾ ಮಾರ್ಟಿರ್ ಅನ್ನೋ ಪದ ಇಲ್ಲವೇ ಇಲ್ಲ ಅಂತ ಸಚಿವಾಲಯದೋರು ಹೇಳಿದ್ರು. ನಮ್ಮ ಊರುಗಳಲ್ಲಿ ಮೈಕ್ ಹಿಡಿದು ಹುತಾತ್ಮ ಅಂತ ಕೂಗೋದಕ್ಕೂ ಆ ಮನೆಯೋರ ಕೈಗೆ ಬರೋ ಕಾಗದಕ್ಕೂ ಸಂಬಂಧನೇ ಇರಲ್ಲ ಅಂತಾಯ್ತು. ಮತ್ತೆ ಆ ಮನೆ ಮುಂದಿನ ಮೂವತ್ತು ವರ್ಷ ನಡೆಯೋದು ಆ ಕಾಗದದ ಮೇಲೆ.

ವೀರಗಲ್ಲಿನ ವಿಷಯಕ್ಕೆ ಮತ್ತೆ ಬರ್ತೀನಿ, ಯಾಕಂದ್ರೆ ನಮ್ಮ ಹಿರಿಯರು ಇದನ್ನ ಹೇಗೆ ಮಾಡ್ತಿದ್ರು ಅಂತ ಓದಿದಾಗ ನಂಗೆ ದಂಗಾಯ್ತು. ಕೋಲಾರ ಜಿಲ್ಲೆದು, ತುಮಕೂರು ಜಿಲ್ಲೆದು ಶಾಸನಗಳನ್ನ ಬಿ.ಎಲ್. ರೈಸ್ ಸಾಹೇಬ್ರು ನೂರಿಪ್ಪತ್ತು ವರ್ಷದ ಹಿಂದೆ ಒಂದೊಂದು ದಪ್ಪ ಸಂಪುಟ ಮಾಡಿ ಪ್ರಿಂಟ್ ಮಾಡಿಸಿದ್ರು, ಅದರಲ್ಲಿ ವೀರಗಲ್ಲುಗಳು ತುಂಬಾ ಇವೆ. ತುರುಗೋಳ್ ಅಂದ್ರೆ ದನ ಹೊಡ್ಕೊಂಡು ಹೋಗೋಕೆ ಬಂದೋರ ಎದುರು ಸತ್ತೋನು, ಊರಳಿವು ಅಂದ್ರೆ ಊರಿನ ಮೇಲೆ ಬಿದ್ದಾಗ ಸತ್ತೋನು, ಹೀಗೆ. ಆದ್ರೆ ಎಷ್ಟೋ ಕಲ್ಲುಗಳಲ್ಲಿ ಅವನು ಸತ್ತ ಅಂತ ಬರೆದು ಅಲ್ಲಿಗೆ ನಿಲ್ಸಲ್ಲ. ಅವನ ಮನೆಯೋರಿಗೆ ಇಂಥ ಕಡೆ ಇಷ್ಟು ಖಂಡುಗ ಗದ್ದೆ ಬಿಟ್ಟಿದೆ ಅಂತನೂ ಅದೇ ಕಲ್ಲಲ್ಲಿ ಇರುತ್ತೆ. ಅದಕ್ಕೆ ನೆತ್ತರುಕೊಡಗೆ ಅಂತ ಹೆಸರು, ಕೊಡಗೆ ಅಂದ್ರೆ ದತ್ತಿಯಾಗಿ ಬಿಟ್ಟುಕೊಟ್ಟ ನೆಲ. ನೆತ್ತರು ಸುರಿಸಿದ್ದಕ್ಕೆ ಕೊಟ್ಟ ಕೊಡಗೆ. ಕಲ್ನಾಡು ಅಂತನೂ ಇದೆ, ಬಾಳ್ಗಳ್ಚು ಅಂತನೂ ಇದೆ, ಬಾಳು ಅಂದ್ರೆ ಕತ್ತಿ, ಕತ್ತಿ ತೊಳೆದು ಕೊಡೋ ದತ್ತಿ ಅದು. (ನಮ್ಮ ಕಡೆ ಕೊಡಿಗೇಹಳ್ಳಿ, ಕೊಡಿಗೇನಹಳ್ಳಿ ಅನ್ನೋ ಊರುಗಳನ್ನ ಕೇಳಿದಾಗೆಲ್ಲ ಈ ಕೊಡಗೆನೇ ಅಲ್ಲಿ ಕೂತಿದೆಯೇನೋ ಅನ್ಸುತ್ತೆ ನಂಗೆ.)

ಬೇಗೂರಿನ ಕಲ್ಲು ಗೊತ್ತಿರಬಹುದು, ಈಗ ಬೆಂಗಳೂರಿನ ಕಸ್ತೂರ್ಬಾ ರಸ್ತೆ ಮ್ಯೂಸಿಯಂನಲ್ಲಿದೆ, ಗಂಗರ ಕಾಲದ್ದು, ಆನೆ ಕುದುರೆ ಕಾಲಾಳು ತುಂಬಿ ತುಳುಕೋ ಯುದ್ಧದ ಕೆತ್ತನೆ. ನಾಗತರ ಅನ್ನೋನು ತುಂಬೆಪಾಡಿ ಅನ್ನೋ ಕಡೆ ಬೀರಮಹೇಂದ್ರನ ಮೇಲಿನ ಕಾಳಗದಲ್ಲಿ ಸತ್ತ. ಅದನ್ನ ಕೇಳಿ ಗಂಗರ ದೊರೆ ಎರೆಯಪ್ಪ ಆ ನಾಗತರನ ಪಟ್ಟಾನ ಇರುಗ ಅನ್ನೋನಿಗೆ ಕಟ್ಟಿ, ಬೆಂಪೂರು ಹನ್ನೆರಡು ಅನ್ನೋ ಹಳ್ಳಿಗಳ ಗುಂಪನ್ನ ದತ್ತಿಯಾಗಿ ಕೊಟ್ಟ, ಕೊಟ್ಟ ಹಳ್ಳಿಗಳು ಯಾವ್ಯಾವು ಅಂತ ಒಂದೊಂದಾಗಿ ಕಲ್ಲಲ್ಲಿ ಕೊರೆಸಿದ. ಯಾವನಾದ್ರೂ ನಾಳೆ ಬಂದು ಈ ಹಳ್ಳಿ ನಂದು ಅಂದ್ರೆ, ಬಾ ಕಲ್ಲು ಓದು ಅಂತ ತೋರಿಸಬಹುದು. ಸ್ಮಾರಕನೂ ಅದೇ, ಹಕ್ಕುಪತ್ರನೂ ಅದೇ. ನಾವು ಕಳ್ಕೊಂಡಿರೋದು ಇದನ್ನೇ ಅಂತ ನನ್ನ ವಾದ. ಈಗ ಸ್ಮಾರಕ ಒಂದು ಇಲಾಖೆ, ಪರಿಹಾರ ಇನ್ನೊಂದು ಇಲಾಖೆ, ಎರಡಕ್ಕೂ ಮುಖಪರಿಚಯ ಇಲ್ಲ.

ಹಳೇದೆಲ್ಲ ಚಿನ್ನ ಅಂತ ನಾನು ಹೇಳ್ತಿಲ್ಲ ಮತ್ತೆ. ಅದೇ ವೀರಗಲ್ಲಿನ ಪಕ್ಕ ಎಷ್ಟೋ ಕಡೆ ಮಾಸ್ತಿಗಲ್ಲು ಇರುತ್ತೆ, ಕೈ ಮೇಲೆತ್ತಿ ಬಳೆ ತೋರಿಸೋ ಹೆಂಗಸಿನ ಕೆತ್ತನೆ. ಗಂಡ ಸತ್ತ, ಇವಳು ಬೆಂಕಿಗೆ ಬಿದ್ದಳು, ಇಬ್ಬರಿಗೂ ಕಲ್ಲು. ಮಾಲೂರು ತಾಲೂಕಿನ ಮಾಸ್ತಿ ಅನ್ನೋ ಊರಿನ ಹೆಸರೇ ಮಹಾಸತಿಯಿಂದ ಬಂದಿದ್ದು. ಉಳಿದೋಳು ಬದುಕಬೇಕು, ಕೊಡಗೆ ಅವಳ ಕೈಲೇ ಇರಬೇಕು ಅನ್ನೋದು ಆ ಕಾಲಕ್ಕೆ ತೋಚಲಿಲ್ಲ. ಈ ಕಾಲಕ್ಕೆ ತೋಚಬೇಕು.

ಈ ಕಾಲದ ಕೊಡಗೆ ಏನು ಅಂತ ನೋಡೋಣ. ಭಯೋತ್ಪಾದನೆ, ನಕ್ಸಲ್ ಹಿಂಸೆ, ಕೋಮು ಹಿಂಸೆ, ಗಡಿಯಾಚೆಯ ಗುಂಡಿನ ದಾಳಿ, ಇವುಗಳಿಗೆ ಬಲಿಯಾದ ಸಾಮಾನ್ಯ ನಾಗರಿಕರಿಗೆ ಅಂತ ಕೇಂದ್ರ ಗೃಹ ಸಚಿವಾಲಯದ ಒಂದು ಯೋಜನೆ ಇದೆ, 2008ರಲ್ಲಿ ಶುರುವಾಗಿದ್ದು. ಆಗ 3 ಲಕ್ಷ ಇತ್ತು, 2016ರಲ್ಲಿ 5 ಲಕ್ಷ ಮಾಡಿದ್ರು. ಸತ್ತೋರ ಕುಟುಂಬಕ್ಕೆ, ಇಲ್ಲಾ ಅಂದ್ರೆ ಅರ್ಧ ಅಥವಾ ಅದಕ್ಕಿಂತ ಹೆಚ್ಚು ಶಾಶ್ವತ ಅಂಗವೈಕಲ್ಯ ಆದೋರಿಗೆ. ಡೀಸಿ ಮಟ್ಟದ ಸಮಿತಿ ಪರಿಶೀಲಿಸಬೇಕು, ದುಡ್ಡು ಫಿಕ್ಸೆಡ್ ಡೆಪಾಸಿಟ್ಟಲ್ಲಿ ಇಟ್ಟು ಬಡ್ಡಿ ಕೊಡೋ ವ್ಯವಸ್ಥೆ. ಇದರ ಜೊತೆ ರಾಜ್ಯ ಸರ್ಕಾರಗಳು ಆಯಾ ಸಲ ಘೋಷಣೆ ಮಾಡೋದು ಬೇರೆ, ಕೇಂದ್ರದ ಕೋಟಾದಲ್ಲಿ ಸಂತ್ರಸ್ತರ ಮಕ್ಕಳಿಗೆ ಒಂದಿಷ್ಟು ಎಂಬಿಬಿಎಸ್ ಸೀಟು ಬೇರೆ. ಇದೆಲ್ಲ ಇದೆ ಅಂತ ನಮ್ಮ ತಾಲೂಕಲ್ಲಿ ಎಷ್ಟು ಜನಕ್ಕೆ ಗೊತ್ತು? 2016ರಿಂದ ಇಲ್ಲಿವರೆಗೆ ಒಂದು ಸೈಟಿನ ರೇಟು ಎಲ್ಲಿಂದ ಎಲ್ಲಿಗೆ ಹೋಗಿದೆ ಅಂತ ಗೌರಿಬಿದನೂರಲ್ಲಿ ಯಾರನ್ನ ಕೇಳಿದ್ರೂ ಹೇಳ್ತಾರೆ, ಆ 5 ಲಕ್ಷ ಯಾವ ಮೂಲೆಗೆ ಅಂತ ನೀವೇ ಲೆಕ್ಕ ಹಾಕಿ. ಇನ್ನು ಗಾಯಾಳುಗಳು. ಬಾಂಬ್ ಬ್ಲಾಸ್ಟಲ್ಲಿ ಒಂದು ಕಿವಿ ಹೋಯ್ತು, ತೊಡೆಲಿ ಲೋಹದ ಚೂರು ಉಳ್ಕೊಂಡಿದೆ, ರಾತ್ರಿ ಪಟಾಕಿ ಸದ್ದಿಗೆ ಬೆಚ್ಚಿ ಎದ್ದು ಕೂರ್ತಾನೆ, ಇದೆಲ್ಲ ಸೇರಿಸಿದ್ರೂ ಆ ಅರ್ಧದ ಗೆರೆ ದಾಟಲ್ಲ. ಆ ಗೆರೆ ಕೆಳಗಿರೋನ ಕಷ್ಟ ಬರೀ ಅವನ ಮನೆಯೋರ ಪಾಲಿಗೆ.

ನಮ್ಮ ಚಿಕ್ಕಪ್ಪನ ಮಗಳು, ನಂಗೆ ಅಕ್ಕ ಆಗಬೇಕು, ಅವಳ ಯಜಮಾನ್ರು ಕೇಂದ್ರ ಪಡೆಲಿದ್ರು. ಕೆಲವು ವರ್ಷದ ಹಿಂದೆ ಪೆಟ್ರೋಲಿಂಗ್ ಹೋದಾಗ ಹೊಂಚು ಹಾಕಿ ಹೊಡೆದ್ರು. ನಮ್ಮ ಕಡೆ ಹುಡುಗರು ಪಡೆಗೆ ಸೇರೋದು ಯಾಕೆ ಅಂತ ಹೊರಗಿನೋರಿಗೆ ಗೊತ್ತಿರಲ್ಲ. ದೇಶಪ್ರೇಮ ಇದೆ, ಇಲ್ಲ ಅನ್ನಲ್ಲ, ಆದ್ರೆ ಸಾವಿರದೈನೂರು ಅಡಿ ಬೋರ್ ಕೊರೆಸಿದ್ರೂ ಹೊಗೆನೇ ಬರೋ ನೆಲದಲ್ಲಿ ತಿಂಗಳಿಗೆ ಒಂದು ಸಂಬಳ ಅನ್ನೋದು ಇಡೀ ಮನೆಗೆ ಉಸಿರು. ಭಾವನ ದೇಹ ಊರಿಗೆ ಬಂದ ದಿನ ಅಕ್ಕಪಕ್ಕದ ಹತ್ತೂರಿನ ಜನ, ಟ್ರ್ಯಾಕ್ಟರ್ ತುಂಬ ಹೂವು, ಅಮರ್ ರಹೇ ಅಂತ ಕೂಗಿ ಕೂಗಿ ಹುಡುಗರ ಗಂಟಲೇ ಹೋಗಿತ್ತು. ಊರ ಬಾಗಿಲಿನ ರಸ್ತೆಗೆ ಅವರ ಹೆಸರು ಅಂದ್ರು, ಬೋರ್ಡ್ ಹಾಕಿದ್ರು. ಜಮೀನು ಮಂಜೂರು ಮಾಡಿಸ್ತೀವಿ ಅಂತನೂ ಅದೇ ದಿನ ಮೈಕಲ್ಲಿ ಹೇಳಿದ್ರು. ಪಡೆ ಕಡೆಯಿಂದ ಬರಬೇಕಾಗಿದ್ದು ಬಂತು, ಪೆನ್ಷನ್ ಬರ್ತಿದೆ, ಅದರಲ್ಲಿ ದೂರಿಲ್ಲ. ಜಮೀನಿನ ಫೈಲ್ ಮಾತ್ರ ಓಡಾಡ್ತಾನೇ ಇದೆ. ವಂಶವೃಕ್ಷದಲ್ಲಿ ಅಕ್ಕನ ಹೆಸರು ಒಂದು ಥರ, ಆಧಾರಲ್ಲಿ ಒಂದು ಥರ, ಮದುವೆಗೆ ಮುಂಚಿನ ಇನಿಶಿಯಲ್ಲು ಮಾರ್ಕ್ಸ್ ಕಾರ್ಡಲ್ಲಿ ಇನ್ನೊಂದು ಥರ. ಒಬ್ಬರು ಅಫಿಡವಿಟ್ ಮಾಡಿಸ್ಕೊಂಡು ಬನ್ನಿ ಅಂತಾರೆ, ಮಾಡಿಸ್ಕೊಂಡು ಹೋದ್ರೆ ಅವರು ಟ್ರಾನ್ಸ್‌ಫರ್ ಆಗಿರ್ತಾರೆ, ಹೊಸಬರು ಅಫಿಡವಿಟ್ ನಡೆಯಲ್ಲ ಬೇರೆ ಪತ್ರ ತನ್ನಿ ಅಂತಾರೆ. ಒಂದು ಸಲ ಕೌಂಟರ್ ಮುಂದೆ ಕೂತಾಗ ಅಕ್ಕ ನಂಗೆ ಹೇಳಿದ್ದು ಇಷ್ಟೇ, "ಅವ್ರು ಸತ್ತಿದ್ದಕ್ಕೆ ದೇಶಕ್ಕೆಲ್ಲ ಪ್ರೂಫ್ ಐತೆ ಕಣೋ, ನಾನು ಅವ್ರ ಹೆಂಡ್ತಿ ಅನ್ನೋದಕ್ಕೆ ಪ್ರೂಫ್ ಇಲ್ವಂತೆ." ಅವಳ ಕೈಲಿ ಹಸಿರು ರೆಕ್ಸಿನ್ ಫೈಲು, ಅದರ ಲಾಡಿ ಕಿತ್ತೋಗಿ ತಲೆಗೆ ಕಟ್ಟೋ ರಬ್ಬರ್ ಬ್ಯಾಂಡ್ ಹಾಕಿದ್ಲು. ಬೋರ್ಡ್ ಮೇಲಿನ ಹೆಸರಲ್ಲಿ ಈಗ ಮೊದಲ ಅಕ್ಷರ, ಕೊನೆ ಅಕ್ಷರ ಮಾತ್ರ ಕಾಣುತ್ತೆ.

ಹೀಗಾಗೋದು ಯಾರೋ ಒಬ್ಬ ಕೆಟ್ಟವನಿಂದ ಅಲ್ಲ. ಗೌರವಕ್ಕೆ ಒಂದು ದಿನ ಸಾಕು, ಅದರಲ್ಲಿ ಎಲ್ಲರಿಗೂ ಪಾಲಿರುತ್ತೆ, ಫೋಟೊ ಇರುತ್ತೆ. ಕಾಗದದ ಕೆಲಸಕ್ಕೆ ವರ್ಷ ಬೇಕು, ಅಲ್ಲಿ ಫೋಟೊ ಇಲ್ಲ, ಅದಕ್ಕೆ ಹೊಣೆಗಾರ ಅಂತ ಒಬ್ಬ ವ್ಯಕ್ತಿನೂ ಇಲ್ಲ. ಅಮೆರಿಕದಲ್ಲಿ 2001ರ ಸೆಪ್ಟೆಂಬರ್ 11ರ ದಾಳಿ ಆದ್ಮೇಲೆ ಅವರು ಎಷ್ಟೋ ತಪ್ಪು ಮಾಡಿದ್ರು, ಎರಡು ದೇಶಗಳ ಮೇಲೆ ಯುದ್ಧಕ್ಕೇ ಹೋದ್ರು, ಅದು ಬೇರೆ ಮಾತು. ಆದ್ರೆ ನ್ಯೂಯಾರ್ಕಿನ ಸ್ಮಾರಕದಲ್ಲಿ 2,983 ಹೆಸರನ್ನ ಕಂಚಲ್ಲಿ ಕೊರೆದಿದಾರೆ, ಜೊತೆಗೆ ಕೆಲಸ ಮಾಡ್ತಿದ್ದೋರು, ಸ್ನೇಹಿತರು ಪಕ್ಕಪಕ್ಕ ಬರೋ ಹಾಗೆ ಮನೆಯೋರನ್ನ ಕೇಳಿ ಜೋಡ್ಸಿದಾರೆ, ಯಾರ ಹುಟ್ಟಿದಬ್ಬ ಇದೆಯೋ ಅವತ್ತು ಅವರ ಹೆಸರಿಗೆ ಒಂದು ಬಿಳಿ ಗುಲಾಬಿ ಸಿಕ್ಕಿಸ್ತಾರೆ. ಸತ್ತ ದಿನಕ್ಕಲ್ಲ, ಹುಟ್ಟಿದ ದಿನಕ್ಕೆ. ಆಮೇಲೆ ಆವತ್ತು ಕುಸಿದ ಕಟ್ಟಡಗಳ ಧೂಳು ಕುಡಿದು ವರ್ಷಗಳ ನಂತರ ಕ್ಯಾನ್ಸರ್ ಬಂದೋರಿಗೂ ಪರಿಹಾರ ಸಿಗಲಿ ಅಂತ 2019ರಲ್ಲಿ ಕಾನೂನು ಮಾಡಿ ಆ ನಿಧಿನ 2090ರವರೆಗೆ ವಿಸ್ತರಿಸಿದ್ರು. ಅದಕ್ಕೂ ಅಲ್ಲಿನ ಫೈರ್ ಸಿಬ್ಬಂದಿ, ಪೊಲೀಸರು ವರ್ಷಗಟ್ಟಲೆ ಹೋರಾಡಬೇಕಾಯ್ತು.

ನಮ್ಮಲ್ಲೂ ಮಾಡಿಲ್ಲ ಅಂತಲ್ಲ. ದೆಹಲಿಲಿ ರಾಷ್ಟ್ರೀಯ ಪೊಲೀಸ್ ಸ್ಮಾರಕ 2018ರಲ್ಲಿ, ಯುದ್ಧ ಸ್ಮಾರಕ 2019ರಲ್ಲಿ ಆಯ್ತು, ಎರಡರಲ್ಲೂ ಹೆಸರುಗಳಿವೆ. 2008ರ ಮುಂಬೈ ದಾಳಿಲಿ 166 ಜನ ಸತ್ರಲ್ಲ, ಅದರಲ್ಲಿ ತಾಜ್ ಹೋಟೆಲಲ್ಲಿ ಜೀವ ಕೊಟ್ಟ ಮೇಜರ್ ಸಂದೀಪ್ ಉನ್ನಿಕೃಷ್ಣನ್ ಹೆಸರು ಯಲಹಂಕದ ರಸ್ತೆಗಿದೆ, ದೊಡ್ಡಬಳ್ಳಾಪುರದ ಮೇಲೆ ಬೆಂಗಳೂರಿಗೆ ಹೋಗೋ ನಮ್ಮೋರಿಗೆಲ್ಲ ಆ ಹೆಸರು ಗೊತ್ತು. ಸಮವಸ್ತ್ರದವರಿಗೆ ಇಷ್ಟಾದ್ರೂ ಇದೆ. ಆದ್ರೆ ಆವತ್ತು ಸಿಎಸ್‌ಟಿ ರೈಲ್ವೆ ಸ್ಟೇಷನ್ನಲ್ಲಿ ಊರಿಗೆ ಹೋಗೋಕೆ ಗಂಟು ಮೂಟೆ ಇಟ್ಕೊಂಡು ಕೂತಿದ್ದೋರಲ್ಲಿ ಒಬ್ಬರ ಹೆಸರು ಹೇಳಿ ಅಂದ್ರೆ ನಂಗೂ ಬರಲ್ಲ, ನಿಮಗೂ ಬರಲ್ಲ.

ದೂರದ್ದು ಬಿಡಿ, ಪಾವಗಡಕ್ಕೆ ಬನ್ನಿ. 2005ರ ಫೆಬ್ರವರಿ 10ರ ರಾತ್ರಿ ತುಮಕೂರು ಜಿಲ್ಲೆಯ ಪಾವಗಡ ತಾಲೂಕಿನ ವೆಂಕಟಮ್ಮನಹಳ್ಳಿಲಿ ಶಾಲೆ ಕಟ್ಟಡದಲ್ಲಿದ್ದ ಕೆಎಸ್‌ಆರ್‌ಪಿ ಕ್ಯಾಂಪ್ ಮೇಲೆ ನಕ್ಸಲರು ಗುಂಪಾಗಿ ಬಂದು ದಾಳಿ ಮಾಡಿದ್ರು. ಅದಕ್ಕೆ ನಾಲ್ಕೈದು ದಿನ ಮುಂಚೆ ಚಿಕ್ಕಮಗಳೂರು ಕಡೆ ನಕ್ಸಲ್ ನಾಯಕ ಸಾಕೇತ್ ರಾಜನ್ ಎನ್‌ಕೌಂಟರ್ ಆಗಿತ್ತು, ಅದಕ್ಕೆ ಸೇಡು ಅಂತ. ಹಗಲು ಮಕ್ಕಳು ಮಗ್ಗಿ ಹೇಳೋ ಶಾಲೆ, ರಾತ್ರಿ ಅಲ್ಲೇ ಮಲಗಿದ್ದ ಪೊಲೀಸರು, ಬಾಂಬು, ಗುಂಡು. ಪೊಲೀಸರ ಜೊತೆ ಒಬ್ಬ ಸಾಮಾನ್ಯ ನಾಗರಿಕನೂ ಸತ್ತ. ನಮ್ಮ ಸುತ್ತಮುತ್ತಲ ನೆಲದಲ್ಲೇ ಆದ ಇಷ್ಟು ದೊಡ್ಡ ಘಟನೆ, ಇವತ್ತು ಡಿಗ್ರಿ ಓದ್ತಿರೋ ಹುಡುಗರನ್ನ ಕೇಳಿದ್ರೆ ಪಹಲ್ಗಾಮ್ ಗೊತ್ತು, ಪುಲ್ವಾಮಾದಲ್ಲಿ 40 ಜನ ಅಂತ ಗೊತ್ತು, ವೆಂಕಟಮ್ಮನಹಳ್ಳಿ ಅಂದ್ರೆ ಅದೆಲ್ಲಿ ಸಾರ್ ಅಂತಾರೆ. ಅವರ ತಪ್ಪಲ್ಲ. ನಾವು ಹೇಳಿಲ್ಲ.

ಇನ್ನೊಂದು ವಿಷಯ ಹೇಳದೆ ಇರೋಕಾಗಲ್ಲ, ಕೆಲವರಿಗೆ ಹಿಡಿಸದೇ ಇರಬಹುದು. ಪಹಲ್ಗಾಮ್‌ನಲ್ಲಿ ಗಂಡನ್ನ ಕಳ್ಕೊಂಡ ಒಬ್ಬ ಹೆಣ್ಣುಮಗಳು, ಮದುವೆಯಾಗಿ ಒಂದು ವಾರನೂ ಪೂರ್ತಿ ಆಗಿರ್ಲಿಲ್ಲ, ಆಕೆ ನಮಗೆ ನ್ಯಾಯ ಬೇಕು, ಆದ್ರೆ ಇದನ್ನ ಇಟ್ಕೊಂಡು ಮುಸ್ಲಿಮರ ಮೇಲೆ, ಕಾಶ್ಮೀರಿಗಳ ಮೇಲೆ ಹೋಗಬೇಡಿ ಅಂದ್ಲು. ಅಷ್ಟಕ್ಕೆ ಆಕೆಗೆ ಬಂದ ಬೈಗುಳಗಳನ್ನ ನಾನು ಇಲ್ಲಿ ಬರೆಯಲ್ಲ. ಆ ಫೋಟೊನ, ಗಂಡನ ಪಕ್ಕ ಕೂತಿರೋ ಆಕೆಯ ಫೋಟೊನ ಅದಕ್ಕೆ ಮುಂಚೆ ದುಃಖದಿಂದ ಹಂಚ್ಕೊಂಡಿದ್ದ ಜನಾನೇ ಬೈದಿದ್ದು. ಸತ್ತೋನು ನಮ್ಮವನು, ಅವನ ಹೆಂಡ್ತಿ ಮಾತ್ರ ನಾವು ಹೇಳಿದ್ದನ್ನೇ ಹೇಳಬೇಕು ಅಂದ್ರೆ ಅದಕ್ಕೆ ಗೌರವ ಅನ್ನಲ್ಲ. ಅದೇ ಬೈಸರನ್‌ನಲ್ಲಿ ಗುಂಡು ಹೊಡೆಯೋನನ್ನ ತಡೆಯೋಕೆ ಹೋಗಿ ಸತ್ತ ಆ ಕುದುರೆಯವನೂ ಮುಸ್ಲಿಮನೇ, ಅವನಿಗೂ ಒಂದು ಮನೆ ಇದೆ, ಅವನ ದುಡಿಮೆ ಮೇಲೇ ನಡೀತಿದ್ದ ಮನೆ. ತುರುಗೋಳಲ್ಲಿ ಬೇರೆಯವರ ಹಸು ಬಿಡ್ಸೋಕೆ ಹೋಗಿ ಸತ್ತೋನಿಗೆ ನಮ್ಮೋರು ಕಲ್ಲು ನಿಲ್ಸಿದ್ರು, ಇವನು ಬೇರೆಯವರ ಜೀವ ಬಿಡ್ಸೋಕೆ ಹೋದೋನು.

ಹಾಗಾದ್ರೆ ಏನು ಮಾಡಬೇಕು ಅಂತ ಕೇಳ್ತೀರ. ದೊಡ್ಡದು ನಂಗೆ ಗೊತ್ತಿಲ್ಲ, ಗ್ರಾಮ ಪಂಚಾಯ್ತಿ ಮಟ್ಟದ್ದು ಹೇಳ್ತೀನಿ. ಪ್ರತಿ ಪಂಚಾಯ್ತಿಲಿ ಒಂದು ರಿಜಿಸ್ಟರ್ ಇರಲಿ. ಸ್ವಾತಂತ್ರ್ಯ ಹೋರಾಟದಲ್ಲಿ, ಯುದ್ಧದಲ್ಲಿ, ಭಯೋತ್ಪಾದಕರ ಕೈಲಿ, ನಕ್ಸಲರ ಕೈಲಿ ಸತ್ತ ಆ ಊರಿನೋರ ಹೆಸರು, ತಂದೆ ತಾಯಿ ಹೆಸರು, ಹುಟ್ಟಿದ ದಿನ, ಎಲ್ಲಿ ಹೇಗೆ ಸತ್ರು. ಅದರ ಪಕ್ಕದ ಕಾಲಮ್ಮಲ್ಲಿ, ಮನೆಯೋರಿಗೆ ಏನು ಕೊಡ್ತೀವಿ ಅಂದಿದ್ರು, ಯಾವ ತಾರೀಕಿಗೆ ಅಂದಿದ್ರು, ಕೊಟ್ಟಿದ್ದು ಯಾವಾಗ. ವರ್ಷಕ್ಕೊಂದು ಸಲ ಗ್ರಾಮಸಭೆಲಿ ಆ ಎರಡೂ ಕಾಲಮ್ ಜೋರಾಗಿ ಓದಲಿ. ಹೆಸರು ಓದಿದಾಗ ಎದ್ದು ನಿಲ್ಲೋಣ, ಪಕ್ಕದ ಕಾಲಮ್ ಖಾಲಿ ಇದ್ರೆ ಅದನ್ನ ತುಂಬೋದು ಯಾರ ಕೆಲಸ ಅಂತ ಅಲ್ಲೇ ಹೆಸರು ಹಿಡಿದು ಬರೆಯೋಣ. ಬೇಗೂರಿನ ಕಲ್ಲಲ್ಲಿ ಸಾವಿರ ವರ್ಷದ ಹಿಂದೆ ಮಾಡಿದ್ದು ಇದನ್ನೇ, ಹಾಳೆ ಮೇಲೆ ಮಾಡೋಕೆ ಕಷ್ಟ ಏನಿಲ್ಲ. ಜಾಗ ಮಂಜೂರಾದ್ರೆ ಪಹಣಿಲಿ ಹೆಂಡ್ತಿ ಹೆಸರೇ ಇರಲಿ. ತಾಲೂಕು ಆಫೀಸಲ್ಲಿ ಇಂಥ ಮನೆಗಳ ಫೈಲಿಗೆ ಅಂತ ಒಬ್ಬರನ್ನ ಗುರುತು ಮಾಡ್ಲಿ, ಅವರು ಟ್ರಾನ್ಸ್‌ಫರ್ ಆದ್ರೆ ಫೈಲು ಕೈಯಿಂದ ಕೈಗೆ ಹೋಗ್ಲಿ, ಆ ಹೆಂಗಸು ಮತ್ತೆ ಮೊದಲಿಂದ ಗಂಡ ಸತ್ತ ಕಥೆ ಹೇಳೋ ಹಾಗಾಗದಿರಲಿ.

ಹೋದ ತಿಂಗಳು ನಾನು, ಅಕ್ಕನ ಮಗ ಇಬ್ರೂ ಒಂದು ನೋಟ್‌ಬುಕ್ ಹಿಡ್ಕೊಂಡು ನಮ್ಮ ಹೋಬಳಿಲಿ ಹೆಸರು ಬರೆಯೋಕೆ ಶುರು ಮಾಡಿದೀವಿ. ಅವನಿಗೆ ಒಂಬತ್ತನೇ ಕ್ಲಾಸು, ಅಕ್ಷರ ದುಂಡಗಿದೆ, ಅವನೇ ಬರೀತಾನೆ. ಮೊದಲನೇ ಪೇಜಲ್ಲಿ ಅವರಪ್ಪನ ಹೆಸರು ಬರೆದು ಪಕ್ಕದ ಕಾಲಮ್ಮಲ್ಲಿ "ಜಮೀನು, ಬಂದಿಲ್ಲ" ಅಂತ ಬರೆದ. ನಾಡಿದ್ದು ಸೋಮವಾರ ಅಕ್ಕನ ಜೊತೆ ಮತ್ತೆ ನಾಡಕಚೇರಿಗೆ ಹೋಗ್ತಿದೀವಿ, ಅಫಿಡವಿಟ್ ಈ ಸಲ ಎರಡು ಕಾಪಿ ಮಾಡಿಸಿದೀವಿ, ಮಾರ್ಕ್ಸ್ ಕಾರ್ಡ್ ಜೆರಾಕ್ಸ್ ಮೇಲೆ ಗೆಜೆಟೆಡ್ ಆಫೀಸರ್ ಸಹಿನೂ ಹಾಕಿಸಿದೀವಿ.